ನಡುವಿನ ಹಲ್ಲು

ಹೀಲಿಯಂ ತುಂಬಿಸುವವನು ನಾನು, ವಿಟೋಲ್ಡ್.
ಊರು ವ್ರೊತ್ಸ್ವಾಫ್. ಓದ್ರಾ ನದಿ ಹೆಪ್ಪುಗಟ್ಟಿದ ಫೆಬ್ರವರಿ.
ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ
ಉಕ್ಕಿನ ಹಂಡೆಯೊಂದಕ್ಕೆ ವಾರಕ್ಕೆರಡು ಸಲ
ಕೂಸಿಗೆ ನೀರೆರೆಯುವವರ ಹಾಗೆ ಹದ ನೋಡಿ ಎರೆಯುತ್ತೇನೆ
ಬಿಸಿಯನ್ನಲ್ಲ, ಚಳಿಯನ್ನು:
ಚಳಿಯ ತಳಕ್ಕಿಂತ ನಾಲ್ಕೇ ನಾಲ್ಕು ಡಿಗ್ರಿ ಮೇಲೆ.

ಒಳಗೊಂದು ಚಿಪ್ಪಿದೆ, ಅನ್ನುತ್ತಾಳೆ ಬೊಗ್ನಾ.
ಚಿಪ್ಪಿನ ಮೇಲೆ ಬೊಕ್ಕೆಯ ಹಾಗೆ ಎದ್ದ ಚುಕ್ಕೆ.
ಇಂಡಿಯಂ, ಆರ್ಸೆನಿಕ್, ಹತ್ತಾರು ಸಾವಿರ ಪರಮಾಣು
ಮೈ ಮುದುರಿ ಕೂತಿವೆ. ಯಾರೂ ಕೆತ್ತಿದ್ದಲ್ಲ,
ಇಕ್ಕಟ್ಟು ತಾಳದೆ ತಾನೇ ಉಬ್ಬಿದ್ದು.
'ನಮ್ಮ ಕಾಲದ ಮಾಂಸದಂಗಡಿಯ ಸಾಲಿನಂತೆ' ಎಂದೆ.
ಅವಳಿಗೆ ತಿಳಿಯಲಿಲ್ಲ.
ಹುಟ್ಟಿದ್ದೇ ತೊಂಬತ್ತೇಳರಲ್ಲಿ, ನೆರೆ ಬಂದ ವರ್ಷ.

ಲೇಸರ್ ಒಮ್ಮೆ ತಿವಿದರೆ ಚುಕ್ಕೆ
ಒಂದೇ ಒಂದು ಕಣ ಬೆಳಕು ಉಗುಳುತ್ತದೆ,
ದಮ್ಮು ಕಟ್ಟಿ ಮುಂದಿನ ತಿವಿತಕ್ಕೆ ಕಾಯುತ್ತದೆ.
ಹನಿಗೂಡಿದರೆ ಹಳ್ಳ, ನಿಜ.
ಇಲ್ಲಿ ಹಳ್ಳವಾಯಿತೋ, ಇಡೀ ರಾತ್ರಿಯ ಕೆಲಸ ಕೆಟ್ಟಿತು.

ಕಣ್ಣಿಗೆ ಕಾಣದ ಬಣ್ಣ. ಕೆಂಪಿನಾಚೆ, ಬಹಳ ಆಚೆ:
ಸಾವಿರದ ಐನೂರ ಐವತ್ತು ನ್ಯಾನೋಮೀಟರ್.
ಬೇರೆ ಚುಕ್ಕೆಗಳ ಬೆಳಕು ಗಾಜಿನ ಎಳೆಯಲ್ಲಿ
ಹತ್ತು ಕಿಲೋಮೀಟರ್ ನಡೆಯುವಷ್ಟರಲ್ಲಿ ಸತ್ತುಹೋಗುತ್ತದೆ.
ಇದು ಐವತ್ತು ನಡೆದರೂ ಹತ್ತರಲ್ಲೊಂದು ಮನೆ ಮುಟ್ಟುತ್ತದೆ.
ಆ ಸಂಖ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಟೆಲಿಫೋನಿನವನು ನಾನು. ತಾಮ್ರ ಬೆಸೆದೆ,
ಆಮೇಲೆ ಗಾಜು ಬೆಸೆದೆ,
ಚರಂಡಿಯ ಮಗ್ಗುಲಲ್ಲಿ ಮಂಡಿಯೂರಿ ಇಪ್ಪತ್ತೆಂಟು ವರ್ಷ.

ಬೆಳಕಿನ ದಾರಿಗೆ ಅರೆಗನ್ನಡಿ ಅಡ್ಡ ಇಟ್ಟಿದ್ದಾಳೆ.
ಎಡಕ್ಕೊಂದು ಕಿವಿ, ಬಲಕ್ಕೊಂದು ಕಿವಿ.
ಬಂದದ್ದು ನಿಜಕ್ಕೂ ಒಂಟಿಯಾದರೆ
ಎರಡೂ ಕಿವಿ ಒಟ್ಟಿಗೆ ಕೇಳಿಸಿಕೊಳ್ಳುವಂತಿಲ್ಲ.
ಸಂಜೆ ಎಂಟಕ್ಕೆ ಶುರುವಾದ ಎಣಿಕೆ.
ಬೆಳಗಿನ ಜಾವ ಮೂರಕ್ಕೆ ಪರದೆಯ ಮೇಲೆ
ಸಾಲು ಹಲ್ಲು, ನಡುವಿನದೊಂದು ಬಿದ್ದಿದೆ.
ಏಳು ವರ್ಷದ ಹುಡುಗನ ನಗು.
ಇಲ್ಲದ್ದೇ ಇಲ್ಲಿ ಸಾಕ್ಷಿ, ಅನ್ನುತ್ತಾಳೆ ಬೊಗ್ನಾ,
ಸೇಬು ಕಚ್ಚುತ್ತಾ.

ಎರಡು ಕಿವಿ.

ಎಂಬತ್ತೆರಡರ ಜನವರಿ. ಸೇತುವೆಯ ಮೇಲೆ ಟ್ಯಾಂಕು.
ನನಗೆ ಇಪ್ಪತ್ತೊಂದು.
ಎಕ್ಸ್‌ಚೇಂಜಿನ ಕೆಳಕೋಣೆಗೆ ಕೋಟಿನವನೊಬ್ಬ ಪಟ್ಟಿ ತಂದ.
ಒಂದು ಜೋಡಿ ತಂತಿಗೆ ಇನ್ನೊಂದು ಜೋಡಿ ಕಟ್ಟಬೇಕು, ಅಷ್ಟೆ.
ಕಟ್ಟಿದೆ. ಮಾತೇನೂ ಸವೆಯಲಿಲ್ಲ;
ತಾಮ್ರ ಎಷ್ಟು ಕಿವಿಗಾದರೂ ಹಂಚುತ್ತದೆ, ಬೇಸರಪಡುವುದಿಲ್ಲ.
ಐದನೆಯ ಹೆಸರು ನಮ್ಮ ಓಣಿಯ ಔಷಧದಂಗಡಿಯ
ಯಾದ್ವಿಗಾ ಹೊರೋಶ್ಕೊ.
ಅಪ್ಪನ ಕೆಮ್ಮಿಗೆ ಸಾಲದಲ್ಲಿ ಔಷಧ ಕೊಟ್ಟವಳು.
ಬಿಗಿಯಾಗಿಯೇ ಕಟ್ಟಿದೆ. ಕೈಗೆಲಸ ಚೆನ್ನಾಗಿತ್ತು.
ಮಾರ್ಚಿನಲ್ಲಿ ಅಂಗಡಿಗೆ ಬೀಗ.

'ಈ ಎಳೆಗೆ ಕಟ್ಟುವುದು ಹೇಗೆ?'
ಸುಮ್ಮನೆ ಕೇಳಿದವನಂತೆ ಕೇಳಿದೆ.
ಬೊಗ್ನಾ ನಕ್ಕಳು. 'ಅರ್ಧ ಮಾಡಲು ಬರುವುದಿಲ್ಲವಲ್ಲ.
ನೀವು ಕದ್ದರೆ ಅತ್ತ ಕಡೆಗೆ ಸಿಗದು. ಗೊತ್ತಾಗಿಬಿಡುತ್ತೆ.'
ನೀವು ಅಂದಳು. ಮಾತಿಗೆ ಅಂದದ್ದು.

ಆಮೇಲೆ ಪರದೆಗೆ ಮುಖ ಹತ್ತಿರ ತಂದು ಹುಬ್ಬು ಗಂಟಿಕ್ಕಿದಳು.
ಹಲ್ಲು ಪೂರ್ತಿ ಬಿದ್ದಿಲ್ಲ. ವಸಡಿನಲ್ಲೊಂದು ಚೂರು,
ನೂರಕ್ಕೆ ನಾಲ್ಕು.
'ಪಕ್ಕದ ಚುಕ್ಕೆ ಇಣುಕುತ್ತಿರಬೇಕು' ಎಂದಳು,
'ನಾಳೆ ಅದನ್ನೂ ತೆಗೆಯೋಣ.'

ಕೈಗವಸು ಹಾಕಿಕೊಂಡೆ. ಕೊಳವೆ ಇಳಿಸಿದೆ.
ಬಿಳಿ ಉಗಿ ಮೊಣಕಾಲವರೆಗೆ ಬಂದು ಚೆದುರಿತು.
ದಾಖಲೆ ಪುಸ್ತಕದಲ್ಲಿ ಬರೆದೆ: ಮಟ್ಟ, ಅರವತ್ತೆರಡು.
ಮೊದಲ ಟ್ರಾಮಿಗೆ ಇನ್ನೂ ಒಂದು ಗಂಟೆ.
ಹೆಬ್ಬೆರಳು ತೋರುಬೆರಳಿನ ಮೇಲೆ
ಇಲ್ಲದ ತಂತಿಯೊಂದನ್ನು ತಿರುವುತ್ತಿತ್ತು.